ಮುನಿಲಕ್ಷ್ಮಮ್ಮನ ಪಂಪ್‌ಸೆಟ್ ಕಾರು

ಸಾರಕ್ಕಿಯ ಮುನಿಲಕ್ಷ್ಮಮ್ಮ ಕಾರು ಕೊಂಡದ್ದು ಒಂದು ಮೂಟೆ ಅವರೆಕಾಯಿಯ ದೆಸೆಯಿಂದ.

ಎಪ್ಪತ್ತೇಳನೇ ಇಸವಿಯ ಜನವರಿ. ವಸಂತಪುರದಲ್ಲಿದ್ದ ಅವಳ ತಮ್ಮ ಬೈರಣ್ಣನ ಹೊಲದಲ್ಲಿ ಸೊಗಡಿನ ಅವರೆ ಚೆನ್ನಾಗಿ ಬಂದಿತ್ತು. ಚಾಮರಾಜಪೇಟೆಯಲ್ಲಿದ್ದ ತಂಗಿಗೂ ಒಂದಿಷ್ಟು ಮುಟ್ಟಲಿ ಎಂದು ಮುನಿಲಕ್ಷ್ಮಮ್ಮ ಮೂಟೆ ಕಟ್ಟಿಕೊಂಡು ಬಸ್ ಸ್ಟಾಪಿಗೆ ಬಂದಳು. ಬಂದ ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡೇ ಕೈ ಅಡ್ಡ ಹಿಡಿದ.

"ಅಮ್ಮಾ, ಒಂದೇ ಜಾಗ ಇರೋದು. ನೀವ್ ಹತ್ತಿ, ಇಲ್ಲಾ ಮೂಟೆ ಹತ್ಲಿ. ಎರಡೂ ಆಗಲ್ಲ."

ಮುನಿಲಕ್ಷ್ಮಮ್ಮ ಒಂದು ಗಳಿಗೆ ಯೋಚಿಸಿದಳು. "ಹಂಗಾದ್ರೆ ಮೂಟೆಗೊಂದು ಟಿಕೆಟ್ ಕೊಡಪ್ಪ. ಚಾಮರಾಜಪೇಟೇಲಿ ಇಳ್ಸು. ನಾನು ನಡ್ಕೊಂಡ್ ಬತ್ತೀನಿ" ಎಂದಳು.

ಕಂಡಕ್ಟರು ತಮಾಷೆ ಎಂದುಕೊಂಡ. ಅವಳು ತಮಾಷೆ ಮಾಡುವ ಹೆಂಗಸಲ್ಲ. ಮೂಟೆ ಬಸ್ಸಿನಲ್ಲಿ ಹೋಯಿತು, ಅವಳು ಬಿಸಿಲಿನಲ್ಲಿ ಜಯನಗರ, ಬಸವನಗುಡಿ ದಾಟಿಕೊಂಡು ನಡೆದಳು. ಚಾಮರಾಜಪೇಟೆಗೆ ಹೋಗಿ ನೋಡಿದರೆ ಮೂಟೆ ಸ್ಟಾಪಿನ ಕಂಬಕ್ಕೆ ಒರಗಿ ನಿಂತಿತ್ತು. ಟಿಕೆಟ್ಟನ್ನು ಅದರ ಬಾಯಿಗೆ ಸಿಕ್ಕಿಸಿದ್ದರು. ಒಂದು ಬೀದಿ ಹಸು ಮೂಟೆಯ ಮಗ್ಗುಲು ಹರಿದು ಕಾಲು ಭಾಗ ಮುಗಿಸಿ ಮೆಲುಕು ಹಾಕುತ್ತಿತ್ತು.

ಸಂಜೆ ಮನೆಗೆ ಬಂದವಳೇ ಗಂಡನಿಗೆ ಹೇಳಿದಳು. "ಅವರೆಕಾಯಿ ಕೂತ್ಕೊಂಡ್ ಹೋಯ್ತು, ನಾನು ನಡ್ಕೊಂಡ್ ಹೋದೆ. ಇನ್ನು ಆಗಲ್ಲ. ಕಾರು ತಗೊಳಾನ."

ಗಂಡ ಚಿಕ್ಕಬೈರಪ್ಪ "ಹೂಂ" ಎಂದ. ಅವನು ಮದುವೆಯಾದಾಗಿನಿಂದ ಹೆಚ್ಚಾಗಿ ಅದನ್ನೇ ಹೇಳಿಕೊಂಡು ಬಂದಿದ್ದ. ಕಾರೆಂದರೆ ಅವನಿಗೆ ಭಯ ಎನ್ನುವುದನ್ನು ಹೇಳಲು ಆ "ಹೂಂ" ಸಾಕಾಗಲಿಲ್ಲ.

ಅವರದು ನಾಲ್ಕು ಎಕರೆ ರಾಗಿ ಹೊಲವಿದ್ದ ಮನೆ. ಎರಡು ವರ್ಷದ ಹಿಂದೆ ಹೊಲವೆಲ್ಲ ಹೊಸ ಬಡಾವಣೆಗೆ ಹೋಗಿ, ಅವಳ ಬದುವಿನ ಮೇಲೆ ಕಲ್ಲು ನೆಟ್ಟು ನಂಬರು ಬರೆದು, ಬಾವಿ ಮುಚ್ಚಿ ಅದರ ಮೇಲೆ ಒಂದು ತಿರುವು ರಸ್ತೆ ಮಾಡಿದ್ದರು. ಮನೆಯ ಪಕ್ಕ ಉಳಿದ ಜಾಗದಲ್ಲಿ ಮುನಿಲಕ್ಷ್ಮಮ್ಮ ಸಾಲಾಗಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು. ಬಾವಿಯ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನು ಮಾತ್ರ ಯಾರಿಗೂ ಮಾರದೆ ಹಿತ್ತಿಲಿನಲ್ಲಿ ಗೋಣಿ ಹೊದಿಸಿ ಇಟ್ಟುಕೊಂಡಿದ್ದಳು. ಆಯುಧಪೂಜೆಗೆ ಅದಕ್ಕೊಂದು ಹಾರ, ಎರಡು ಬಾಳೆಹಣ್ಣು.

ಕಾರು ಸಿಕ್ಕಿದ್ದು ಜಯನಗರದ ಒಬ್ಬ ಮುದಿ ಡಾಕ್ಟರ ಷೆಡ್ಡಿನಲ್ಲಿ. ಕರಿಯ ಬಣ್ಣ, ಗುಡಾಣದಂಥ ಮೈ, ಮೂಗಿನ ಮೇಲೆ ಇದ್ದ ಕಂಪನಿಯ ಬಿಲ್ಲೆ ಎಂದೋ ಕಳಚಿ ಬಿದ್ದುಹೋಗಿ ಅದು ಯಾವ ಜಾತಿಯ ಕಾರು ಎನ್ನುವುದು ಡಾಕ್ಟರಿಗೇ ಮರೆತಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಮುನಿಲಕ್ಷ್ಮಮ್ಮ ಡ್ರೈವಿಂಗ್ ಕಲಿತಳು. ಕಲಿಸಿದವನ ಪ್ರಕಾರ ಅವಳು ಸ್ಟೀರಿಂಗನ್ನು ನೇಗಿಲಿನ ಮೇಣಿ ಹಿಡಿದ ಹಾಗೆ ಹಿಡಿಯುತ್ತಿದ್ದಳು. ತಿರುಗಿಸುತ್ತಿರಲಿಲ್ಲ, ಒತ್ತುತ್ತಿದ್ದಳು. ಆದರೂ ಲೈಸೆನ್ಸು ಬಂತು.

ಮೂರು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಮಧ್ಯಾಹ್ನ ಸಾರಕ್ಕಿ ಸರ್ಕಲ್ಲಿನಲ್ಲಿ ಢಂ ಎಂದು ನಿಂತಿತು. ಚಿಕ್ಕಲಸಂದ್ರದಿಂದ ಮಾರಯ್ಯನನ್ನು ಕರೆಸಿದರು. ಮಾರಯ್ಯ ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ ರಿಪೇರಿ ಮಾಡುವವನು. ಹೊಲಗಳೆಲ್ಲ ಸೈಟುಗಳಾದ ಮೇಲೆ ಅವನಿಗೆ ಕೆಲಸ ಕಡಿಮೆಯಾಗಿ ಕೈ ಕಡಿಯುತ್ತಿತ್ತು. ಬಾನೆಟ್ಟು ಎತ್ತಿ ನೋಡಿ ಸತ್ತ ಮನೆಗೆ ಬಂದವನ ಹಾಗೆ ತಲೆಯ ಟವೆಲ್ ತೆಗೆದ.

"ಅಕ್ಕಾ, ಎಂಜಿನ್ ಹೋಗ್ಬುಡ್ತು. ಬಾಡಿ ಮಾತ್ರ ಗಟ್ಟಿಯಾಗೈತೆ."

"ಬಾಡಿ ಇಲ್ದೇ ಇರೋ ಎಂಜಿನ್ನು ನಮ್ಮ ಹಿತ್ಲಲ್ಲಿ ಐತಲ್ಲ, ಮಾರಯ್ಯ" ಎಂದಳು ಮುನಿಲಕ್ಷ್ಮಮ್ಮ.

ಮಾರಯ್ಯ ಬಹಳ ಹೊತ್ತು ಅವಳ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದರು. ಮಾರಯ್ಯನಿಗೆ ಅದು ಆಗುತ್ತದೋ ಇಲ್ಲವೋ ಎನ್ನುವುದಕ್ಕಿಂತ ಮಾಡಿ ನೋಡುವ ಚಪಲ ದೊಡ್ಡದಿತ್ತು. ಎರಡು ತಿಂಗಳು ಹಿತ್ತಿಲಿನಲ್ಲಿ ಸುತ್ತಿಗೆ ಸದ್ದು ಕೇಳಿತು. ಕೊನೆಗೆ ಹೊರಬಂದ ಗಾಡಿಗೆ ಬಾನೆಟ್ಟೇ ಇರಲಿಲ್ಲ, ಏಕೆಂದರೆ ಎಂಜಿನ್ನಿನ ದೊಡ್ಡ ಚಕ್ರ ಅದರೊಳಗೆ ಹಿಡಿಸಲಿಲ್ಲ. ಹೊಗೆಯ ಕೊಳವೆ ಬಚ್ಚಲಮನೆಯ ಚಿಮಣಿಯಂತೆ ಮುಂದುಗಡೆಯಿಂದಲೇ ಆಕಾಶಕ್ಕೆ ಎದ್ದು ನಿಂತಿತ್ತು. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುವಿ ಸ್ಟಾರ್ಟು ಮಾಡಬೇಕು, ಆ ಕೆಲಸ ಚಿಕ್ಕಬೈರಪ್ಪನ ಪಾಲಿಗೆ ಬಂತು.

ಮೊದಲ ದಿನ ಅದು "ದಡ್... ದಡ್... ದಡದಡದಡ" ಎಂದು ಎದ್ದಾಗ ಬೀದಿಯ ನಾಯಿಗಳೆಲ್ಲ ಕೆರೆಯ ಕಡೆ ಓಡಿದವು. ಹಳೆಯ ರೈತರು ಮಾತ್ರ ಜಗಲಿಯಿಂದ ಇಳಿದು ಬಂದರು. ಆ ಸದ್ದು ಅವರಿಗೆ ಗೊತ್ತಿತ್ತು. "ಲೇ, ಮುನಿಲಕ್ಷ್ಮಕ್ಕನ ಬಾವಿ ಸದ್ದು ಕಣ್ರೋ!" ಎಂದು ಒಬ್ಬ ಮುದುಕ ಕೂಗಿದ. ಗಾಡಿಯ ವೇಗ ಸೈಕಲ್ಲಿಗಿಂತ ಕಡಿಮೆ, ಎಮ್ಮೆಗಿಂತ ಸ್ವಲ್ಪ ಜಾಸ್ತಿ. ಚಿಕ್ಕಬೈರಪ್ಪ ಒಳಗೆ ಕೂರಲು ಒಪ್ಪದೆ ಪಕ್ಕದಲ್ಲಿ ನಡೆದುಕೊಂಡು ಹೋದ. ಬನಶಂಕರಿ ಗುಡಿಗೆ ಹೋಗಿ ಬರುವಾಗ ಅವನೇ ಮೊದಲು ಮನೆ ಸೇರಿ, ಕಾಫಿಗೆ ನೀರಿಟ್ಟು, ಹೆಂಡತಿಯ ಕಾರು ಬರುವುದನ್ನು ಕಾಯುತ್ತ ಕೂತಿದ್ದ.

ಇನ್ನು ಹೊಗೆ. ಅದನ್ನು ಹೊಗೆ ಎಂದರೆ ಬೇರೆ ಹೊಗೆಗಳಿಗೆ ಬೇಜಾರಾಗಬೇಕು. ಕರ್ರಗೆ, ದಪ್ಪಗೆ, ಉಂಗುರ ಉಂಗುರವಾಗಿ ಕೊಳವೆಯಿಂದ ಎದ್ದು, ಮನೆಗಳ ಮಾಳಿಗೆಯ ಎತ್ತರಕ್ಕೆ ಹೋಗಿ, ಅಲ್ಲಿ ಯಾರ ಮನೆಗೆ ಹೋಗಲಿ ಎಂದು ಯೋಚಿಸುತ್ತ ನಿಲ್ಲುತ್ತಿತ್ತು.

ಹಳೇ ಊರಿನವರಿಗೆ ಇದರಿಂದ ತೊಂದರೆಯಾಗಲಿಲ್ಲ. ತೊಂದರೆಯಿರಲಿ, ಅವರಿಗೆ ಅದು ಬೇಕೇ ಆಯಿತು. ಕೆರೆಯ ದಡದ ಸೊಳ್ಳೆಗಳು ಆ ಕಾಲದಲ್ಲಿ ಕರುಗಳನ್ನೂ ಬಿಡುತ್ತಿರಲಿಲ್ಲ. ಮುನಿಲಕ್ಷ್ಮಮ್ಮನ ಗಾಡಿ ಒಂದು ಸಲ ಹಾದರೆ ಆ ಬೀದಿಯಲ್ಲಿ ಸೊಳ್ಳೆಯೆಂಬುದು ಇರುತ್ತಿರಲಿಲ್ಲ. ಸಂಜೆಯಾದರೆ ಕೆಂಪಕ್ಕ, ರುದ್ರಮ್ಮ ಎಲ್ಲರೂ ಬಾಗಿಲಲ್ಲಿ ನಿಂತು, "ಅಕ್ಕಾ, ನಮ್ಮ ಬೀದಿಗೂ ಒಂದು ಸುತ್ತು ಬಂದೋಗಕ್ಕ!" ಎಂದು ಕರೆಯುವರು. ಅವಳು ದೇವರ ಉತ್ಸವದ ಹಾಗೆ ನಿಧಾನವಾಗಿ ಬೀದಿ ಬೀದಿ ಸುತ್ತಿ ಬರುವಳು. ಜನ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಹೊಗೆಯನ್ನು ಒಳಗೆ ಕರೆದುಕೊಳ್ಳುವರು.

ಹೊಸ ಬಡಾವಣೆಯವರ ಕಥೆ ಬೇರೆ. ಅವರು ಬೆಳಿಗ್ಗೆ ಬಿಳಿ ಷರ್ಟು ಹಾಕಿಕೊಂಡು ಆಫೀಸಿಗೆ ಹೋಗುವ ಜನ. ಸಾಲ ಸೋಲ ಮಾಡಿ ಕಟ್ಟಿಸಿದ ಮನೆಗೆ ತಿಳಿ ಹಳದಿ ಸುಣ್ಣ ಹೊಡೆಸಿದ್ದರು, ಅದು ವರ್ಷದೊಳಗೆ ಬೂದಿ ಬಣ್ಣಕ್ಕೆ ತಿರುಗಿತು. ಅವರ ಪೈಕಿ ಅತ್ಯಂತ ಬಿಳಿ ಷರ್ಟು ವೆಂಕಟಾಚಲನದು. ಅವನು ಎಪ್ಪತ್ತೊಂಬತ್ತರಲ್ಲಿ ಹೆಂಡತಿ ನಾರಾಯಣಮ್ಮನೊಂದಿಗೆ ಮುನಿಲಕ್ಷ್ಮಮ್ಮನ ಮೂರನೇ ಮನೆಗೇ ಬಾಡಿಗೆಗೆ ಬಂದವನು. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಪತ್ರಗಳ ಕರಡು ಬರೆಯುವುದು ಕೆಲಸ. "ಸದರಿ" ಎಂಬ ಪದವನ್ನು ಅವನಷ್ಟು ಪ್ರೀತಿಯಿಂದ ಬಳಸುವವರು ಇಡೀ ಇಲಾಖೆಯಲ್ಲಿ ಇರಲಿಲ್ಲ. ಮೇಲಧಿಕಾರಿಗಳು ಅವನ ಕರಡುಗಳನ್ನು ಓದದೆಯೇ ಸಹಿ ಹಾಕುತ್ತಿದ್ದರು, ಅದೊಂದೇ ಅವನ ಜೀವನದ ದುಃಖ.

ವೆಂಕಟಾಚಲನಿಗೆ ಕೆಮ್ಮು ಶುರುವಾಯಿತು. ನಾರಾಯಣಮ್ಮ ತಾರಸಿಯ ಮೇಲೆ ಸಂಡಿಗೆ ಒಣಹಾಕಿದರೆ ಸಂಜೆಯೊಳಗೆ ಅದಕ್ಕೆ ಕರಿ ಚುಕ್ಕೆ. ಮೈಸೂರಿನಿಂದ ಬಂದ ನಾದಿನಿಯೊಬ್ಬಳು ತಿಂದು, "ಎಳ್ಳು ಹಾಕಿದೀರಾ? ರುಚಿ ಏನೋ ಬೇರೆ ಥರಾ ಇದೆ" ಎಂದಳು.

ಬಡಾವಣೆಯ ನಿವಾಸಿಗಳ ಸಂಘದವರು ಸೇರಿ ಒಂದು ದೂರು ಬರೆಯಬೇಕೆಂದು ತೀರ್ಮಾನಿಸಿದರು. ಬರೆಯಲು ಬರುವವನು ಒಬ್ಬನೇ. ವೆಂಕಟಾಚಲ ಬೆವರಿದ. ಓನರಮ್ಮನ ಮೇಲೆ ದೂರು ಬರೆದರೆ ಮನೆ ಬಿಡಿಸಿಯಾಳು. ಬೇರೆ ಕಡೆ ಇಷ್ಟು ಒಳ್ಳೆಯ ನಲ್ಲಿ ನೀರು ಸಿಗದು. ಅಲ್ಲದೆ ಅವಳು ಹಬ್ಬ ಹುಣ್ಣಿಮೆಗೆ ಹಿತ್ತಿಲ ಸೀಬೆಹಣ್ಣು ಕಳಿಸುತ್ತಾಳೆ. ಕೊನೆಗೆ ಸಹಿ ಹಾಕದೆ, ಕೆಳಗೆ "ಇಂತಿ, ನೊಂದ ನಾಗರಿಕರು" ಎಂದು ಬರೆದು ಸಾರಿಗೆ ಕಚೇರಿಗೆ ಕಳಿಸಿದ.

ಒಂದು ತಿಂಗಳಾದ ಮೇಲೆ, ಭಾನುವಾರ ಬೆಳಿಗ್ಗೆ, ಮುನಿಲಕ್ಷ್ಮಮ್ಮ ಒಂದು ಉದ್ದ ಲಕೋಟೆ ಹಿಡಿದು ಮೂರನೇ ಮನೆಯ ಬಾಗಿಲಿಗೆ ಬಂದಳು. ಅವಳಿಗೆ ಓದಲು ಬಾರದು.

"ಯೆಂಕಟಾಚಲಯ್ನೋರೇ, ಕಚೇರಿಯಿಂದ ಏನೋ ಬಂದೈತೆ. ಒಸಿ ಓದಿ ಹೇಳಿ."

ಲಕೋಟೆಯೊಳಗೆ ಒಂದು ಸಣ್ಣ ನೋಟೀಸು, ಅದಕ್ಕೆ ಲಗತ್ತಿಸಿದ ನಾಲ್ಕು ಪುಟದ ದೂರು. ವೆಂಕಟಾಚಲ ಅಕ್ಷರ ನೋಡಿದ. ತನ್ನದೇ. ನಾರಾಯಣಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

"ಗಟ್ಟಿಯಾಗ್ ಓದಿ, ನನಗೆ ಕಿವಿ ಒಸಿ ಮಂದ" ಎಂದು ಮುನಿಲಕ್ಷ್ಮಮ್ಮ ನೆಲದ ಮೇಲೆ ಕೂತಳು.

ಅವನು ಗಂಟಲು ಸರಿಮಾಡಿಕೊಂಡ. "ಮಾನ್ಯರೇ, ನೊಂದ ನಾಗರಿಕರು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ಸದರಿ ಬಡಾವಣೆಯಲ್ಲಿ ಪ್ರತಿನಿತ್ಯ ಒಂದು ಕಪ್ಪು ವಾಹನವು, ಸದರಿ ವಸ್ತುವನ್ನು ವಾಹನವೆನ್ನಬೇಕೋ ಚಲಿಸುವ ಇಟ್ಟಿಗೆಗೂಡೆನ್ನಬೇಕೋ ತಿಳಿಯದು, ಗ್ರಹಣಕಾಲದ ರಾಹುವಿನಂತೆ ಸೂರ್ಯನನ್ನು ನುಂಗುತ್ತ ಸಂಚರಿಸುತ್ತಿದ್ದು..."

"ನಿಲ್ಸಿ!" ಎಂದಳು ಮುನಿಲಕ್ಷ್ಮಮ್ಮ.

ವೆಂಕಟಾಚಲ ಕಾಗದ ಮಡಿಸತೊಡಗಿದ.

"ಆ ರಾಹು ಅಂದಿದ್ದು ಇನ್ನೊಂದ್ ಸಲ ಓದಿ."

ಓದಿದ. ಅವಳು ತಲೆದೂಗಿದಳು. "ಯಾರೋ ಏನೋ, ಸಖತ್ತಾಗ್ ಬರ್ದವ್ನೆ. ಬೈದ್ರೆ ಹಿಂಗ್ ಬೈಬೇಕು. ನಮ್ಮೂರಲ್ಲಿ ಬೈಯೋಕೂ ಬರಾಕಿಲ್ಲ ಜನಕ್ಕೆ."

ಹದಿನೆಂಟು ವರ್ಷದ ಸರ್ಕಾರಿ ಚಾಕರಿಯಲ್ಲಿ ವೆಂಕಟಾಚಲನ ಒಂದು ವಾಕ್ಯವನ್ನೂ ಯಾರೂ ಎರಡನೇ ಸಲ ಓದಿಸಿ ಕೇಳಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಉಳಿದ ಮೂರು ಪುಟವನ್ನು ಏರಿಳಿತ ಕೊಟ್ಟು, ಕೈ ಬೀಸಿ ಓದಿದ. ಮುಗಿದ ಮೇಲೆ ಅವಳು ಹೇಳಿದಳು.

"ಇವ್ನಿಗೆ ತಕ್ಕ ಜವಾಬು ಕೊಡ್ಬೇಕು. ನೀವೇ ಬರೀರಿ. ಇಷ್ಟು ಚೆನ್ನಾಗ್ ಬರಾಕಿಲ್ಲ ನಿಮಗೆ, ಗೊತ್ತು. ಆದ್ರೂ ಪ್ರಯತ್ನ ಮಾಡಿ."

ಈ ಮಾತು ಅವನಿಗೆ ನಾಟಿತು. ಅಂದೇ ಊಟ ಬಿಟ್ಟು ಕೂತು ಉತ್ತರ ಬರೆದ. "ಸದರಿ ಅರ್ಜಿದಾರರು ಹೊಗೆಯೆಂದು ಕರೆದಿರುವುದು ವಸ್ತುತಃ ಸೊಳ್ಳೆಗಳ ಪಾಲಿನ ಯಮಪಾಶವಾಗಿದೆ. ಹೋಮದ ಹೊಗೆಗೆ ಕಣ್ಣೊರೆಸಿಕೊಂಡು ಕೈಮುಗಿಯುವವರು, ದುಡಿಮೆಯ ಹೊಗೆಗೆ ಮೂಗು ಮುಚ್ಚಿಕೊಳ್ಳುವುದು ಯಾವ ನ್ಯಾಯ?" ಬರೆದು ಮುಗಿಸಿದಾಗ ತನ್ನ ದೂರಿನ ಮೇಲೇ ಅವನಿಗೆ ಸಿಟ್ಟು ಬಂದಿತ್ತು. ಮುನಿಲಕ್ಷ್ಮಮ್ಮ ಕೇಳಿ, "ಪರವಾಗಿಲ್ಲ, ಅವ್ನ ಸಮಕ್ಕೆ ಬಂದ್ರಿ" ಎಂದು ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಇದೇ ಕಥೆ. ಸಂಘದವರು ಸೋಮವಾರ ಬಂದು, "ಸಾರ್, ಅವರ ಉತ್ತರ ನೋಡಿದ್ರಾ? ಭಾರಿ ವಕೀಲನ್ನ ಇಟ್ಟಿದಾರೆ. ನೀವು ಬಿಡಬಾರ್ದು" ಎನ್ನುವರು. ಗುರುವಾರ ಮುನಿಲಕ್ಷ್ಮಮ್ಮ ಬಂದು ಅದನ್ನೇ ಹೇಳುವಳು. ಕಚೇರಿಯವರಿಗೂ ಏನು ಮಾಡಲು ತೋಚಲಿಲ್ಲ. ಹೊಗೆ ಹೆಚ್ಚು ಎನ್ನಬೇಕಾದರೆ ಇಷ್ಟು ಸರಿ, ಇಷ್ಟು ಹೆಚ್ಚು ಎಂದು ಒಂದು ಅಳತೆ ಬೇಕಲ್ಲ? ಅವರ ಬಳಿ ಅಂಥ ಅಳತೆ ಇರಲಿಲ್ಲ. ಕಡತ ದಪ್ಪವಾಗುತ್ತ ಹೋಯಿತು. ಎಂಬತ್ತೈದರಲ್ಲಿ ಒಂದು ಸಲ ವೆಂಕಟಾಚಲ ದೂರಿನಲ್ಲಿ ಎಷ್ಟು ಬಲವಾದ ವಾದ ಹೂಡಿದನೆಂದರೆ, ಅದಕ್ಕೆ ಉತ್ತರ ತೋಚದೆ ಎರಡು ದಿನ ರಜೆ ಹಾಕಿ ಮನೆಯಲ್ಲಿ ಕೂತ.

"ನೀವು ಯಾರ ಕಡೆ ಅಂತ ಒಂದ್ಸಲ ಹೇಳಿಬಿಡಿ" ಎಂದಳು ನಾರಾಯಣಮ್ಮ, ಕಪ್ಪು ಚುಕ್ಕೆಯ ಸಂಡಿಗೆ ಆರಿಸುತ್ತ.

"ಭಾಷೆ ಕಡೆ ಕಣೇ" ಎಂದ. ಎಂದು ಕೆಮ್ಮಿದ.

ಹೀಗೇ ಎಂಬತ್ತೊಂಬತ್ತು ಬಂತು. ಆ ವರ್ಷ ದೇಶಕ್ಕೆಲ್ಲ ಹೊಸ ಮೋಟಾರು ಕಾಯಿದೆ ಬಂದು, ಗಾಡಿಯ ಹೊಗೆಗೂ ಒಂದು ಅಳತೆ ಇರಬೇಕು ಎಂಬ ಮಾತು ಶುರುವಾಯಿತು. ಒಂದು ಮಂಗಳವಾರ ಬೆಳಿಗ್ಗೆ ಸಾರಕ್ಕಿಗೆ ಜೀಪು ಬಂತು. ಅದರಿಂದ ಇಳಿದವರು ಬ್ರೇಕ್ ಇನ್ಸ್‌ಪೆಕ್ಟರು. ಗಾಡಿಗಳನ್ನು ತಪಾಸಣೆ ಮಾಡುವ ಅಧಿಕಾರಿಗೆ ಜನ ಇಟ್ಟುಕೊಂಡಿದ್ದ ಹೆಸರು ಅದು. ತೆಳ್ಳನೆಯ ಮನುಷ್ಯ, ಕನ್ನಡಕ, ಕಂಕುಳಲ್ಲಿ ಹಳೇ ಕಡತ. ಹಿಂದೆ ಒಬ್ಬ ಜವಾನ, ಅವನ ಕೈಯಲ್ಲಿ ರಬ್ಬರ್ ಕೊಳವೆಯಿದ್ದ ಒಂದು ಪೆಟ್ಟಿಗೆ. ಹೊಗೆ ಅಳೆಯುವ ಮೀಟರಂತೆ.

ಸುದ್ದಿ ಹರಡಿ ಅರ್ಧ ಗಂಟೆಯಲ್ಲಿ ರಸ್ತೆ ತುಂಬಿತು. ಒಂದು ಬದಿಗೆ ಬಡಾವಣೆಯವರು, ಮೂಗಿಗೆ ಕರ್ಚೀಫು ಹಿಡಿದು. ಇನ್ನೊಂದು ಬದಿಗೆ ಹಳೇ ಊರಿನವರು, ಮಕ್ಕಳು ಮರಿ ಎತ್ತಿಕೊಂಡು. ಕೆಂಪಕ್ಕ ಗಾಡಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಿದ್ದರಿಂದ ಪರೀಕ್ಷೆಗೆ ಮೊದಲೇ ಎಲ್ಲರೂ ಕೆಮ್ಮತೊಡಗಿದರು. ಚಿಕ್ಕಬೈರಪ್ಪ ಹ್ಯಾಂಡಲ್ ತಿರುವಿದ. ಎಂಜಿನ್ ಎದ್ದಿತು. ಜವಾನ ಕುರ್ಚಿ ಹತ್ತಿ, ರಬ್ಬರ್ ಕೊಳವೆಯನ್ನು ಚಿಮಣಿಯ ಬಾಯಿಗೆ ಹಿಡಿದ.

ಮೀಟರಿನ ಮುಳ್ಳು ಒಂದು ಸಲ ನಡುಗಿ, ಸರ್ರನೆ ಕೊನೆಯವರೆಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಪೆಟ್ಟಿಗೆಯೊಳಗಿಂದ "ಟಿಕ್" ಎಂದು ಸದ್ದಾಯಿತು. ಎಂಜಿನ್ ನಿಲ್ಲಿಸಿದರೂ ಮುಳ್ಳು ಕೆಳಗೆ ಬರಲಿಲ್ಲ. ಜವಾನ ಕುರ್ಚಿಯಿಂದ ಇಳಿದಾಗ ಅವನ ಹಲ್ಲು ಮಾತ್ರ ಕಾಣುತ್ತಿತ್ತು.

"ಎಷ್ಟು ಬಂತು ಸೋಮಿ? ಪಾಸಾ?" ಎಂದು ಮುನಿಲಕ್ಷ್ಮಮ್ಮ ಆಸೆಯಿಂದ ಕೇಳಿದಳು. ಮುಳ್ಳು ಮೇಲೆ ಹೋದಷ್ಟೂ ಒಳ್ಳೆಯದೆಂದು ಅವಳು ತಿಳಿದಿದ್ದಳು.

"ಅಮ್ಮಾ, ಈ ಎಂಜಿನ್ ಇನ್ನು ರಸ್ತೆ ಮೇಲೆ ಓಡೋ ಹಾಗಿಲ್ಲ. ತೆಗೆಸಿಬಿಡಿ, ಒಂದು ತಿಂಗಳು ಟೈಮ್ ಕೊಡ್ತೀನಿ" ಎಂದರು ಇನ್ಸ್‌ಪೆಕ್ಟರು. ಬಡಾವಣೆಯವರು ಚಪ್ಪಾಳೆ ತಟ್ಟಿದರು. ಹಳೇ ಊರಿನವರು ಸೊಳ್ಳೆಗಳ ನೆನಪಾಗಿ ಈಗಲೇ ಮೈ ಕೆರೆದುಕೊಂಡರು. ಇನ್ಸ್‌ಪೆಕ್ಟರು ಹೊರಡಲಿಲ್ಲ. ಕಡತ ಬಿಚ್ಚಿ ಮಡ್‌ಗಾರ್ಡಿನ ಮೇಲಿಟ್ಟರು.

"ಒಂದು ವಾರದಿಂದ ಈ ಕಡತ ಓದ್ತಾ ಇದೀನಿ. ನಮ್ಮ ಮನೆಯವಳಿಗೂ ಓದಿ ಹೇಳ್ದೆ. ಇದರಲ್ಲಿ ನಿಮ್ಮ ಪರವಾಗಿ ಉತ್ತರ ಬರೆದವರು ಯಾರು?"

"ನಮ್ಮ ಮೂರನೇ ಮನೆ ಯೆಂಕಟಾಚಲಯ್ನೋರು!" ಎಂದು ಮುನಿಲಕ್ಷ್ಮಮ್ಮ ಹೆಮ್ಮೆಯಿಂದ ಕೈ ತೋರಿಸಿದಳು. ವೆಂಕಟಾಚಲ ಆ ಹೊತ್ತಿಗೆ ಒಂದು ಕಂಬದ ಹಿಂದೆ ಸರಿದಿದ್ದ. ಕಂಬ ಅವನಿಗಿಂತ ತೆಳ್ಳಗಿತ್ತು.

ಇನ್ಸ್‌ಪೆಕ್ಟರು ಒಂದು ಹಾಳೆ ಎತ್ತಿ ಹಿಡಿದರು. "ಇದು ಎಂಬತ್ತಾರನೇ ಇಸವಿಯ ದೂರು. ಇದನ್ನ ತಿರುಗಿಸಿದ್ರೆ, ಹಿಂದುಗಡೆ ಅದೇ ಕೈಬರಹದಲ್ಲಿ ಅದಕ್ಕೆ ಉತ್ತರದ ಕರಡು ಇದೆ. ದೂರು ಕಳಿಸೋಕೆ ಮುಂಚೇನೇ ಉತ್ತರಾನೂ ಬರೆದಿಟ್ಕೊಂಡಿದ್ದಾರೆ. ಕಾಗದ ಉಳಿಸೋದು ಒಳ್ಳೇದೇ. ಆದರೆ ಪೋಸ್ಟ್ ಮಾಡೋವಾಗ ತಿರುಗಿಸಿ ನೋಡ್ಬೇಕಿತ್ತು."

ಸಂಘದವರು ವೆಂಕಟಾಚಲನನ್ನು ನೋಡಿದರು. ಹಳೇ ಊರಿನವರು ವೆಂಕಟಾಚಲನನ್ನು ನೋಡಿದರು. ಅವನು ಕಂಬವನ್ನು ನೋಡಿದ.

ಮುನಿಲಕ್ಷ್ಮಮ್ಮ ನಿಧಾನವಾಗಿ ಅವನ ಹತ್ತಿರ ಹೋದಳು. "ರಾಹು ನೀವೇ ಬರ್ದಿದ್ದಾ?"

"ಹೌದು, ಓನರಮ್ಮಾ."

"ಹತ್ತು ವರ್ಷದಿಂದ ಕೆಮ್ತಾ ಇದ್ದಿದ್ದು ನನ್ನ ಗಾಡಿ ಹೊಗೆಗಾ? ನೀವು ಕದ್ದು ಬೀಡಿ ಸೇದ್ತೀರಾ ಅಂತ ನಾರಾಯಣಮ್ಮನೋರಿಗೆ ಅದೆಷ್ಟ್ ಸಲ ಹೇಳಿದ್ನಲ್ಲಪ್ಪಾ!"

"ಅದಕ್ಕೇ ನಾನು ದಿನಾ ಇವರ ಜೇಬು ತಡಕ್ತಿದ್ದೆ" ಎಂದಳು ನಾರಾಯಣಮ್ಮ ಗುಂಪಿನ ನಡುವಿನಿಂದ.

ಜನ ನಕ್ಕರು. ಮುನಿಲಕ್ಷ್ಮಮ್ಮ ನಗಲಿಲ್ಲ. ಸೆರಗು ಕೊಡವಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕು ದಿನ ಅವಳು ಅವನೊಡನೆ ಮಾತಾಡಲಿಲ್ಲ. ಸಂಘದವರೂ ಮಾತು ಬಿಟ್ಟರು. ಸೋಮವಾರ ದೂರಿಲ್ಲ, ಗುರುವಾರ ಉತ್ತರವಿಲ್ಲ. ಹೊಗೆ ನಿಂತು ಗಾಳಿ ತಿಳಿಯಾಗಿತ್ತು. ವೆಂಕಟಾಚಲನ ಕೆಮ್ಮು ಹೋಯಿತು, ಊಟವೂ ಹೋಯಿತು. ಮನೆ ಖಾಲಿ ಮಾಡಬೇಕಾಗಬಹುದೆಂದು ಅವನು ಪಾತ್ರೆಗಳ ಪಟ್ಟಿಯನ್ನೂ ಮಾಡಿದ, "ಸದರಿ ಕುಕ್ಕರು, ಸದರಿ ಇಡ್ಲಿ ತಟ್ಟೆ" ಎಂದು.

ಐದನೇ ದಿನ ತಡೆಯಲಾರದೆ ಅವಳ ಹಿತ್ತಿಲಿಗೆ ಹೋದ. ಮಾರಯ್ಯ ಕಾರಿನಿಂದ ಎಂಜಿನ್ನನ್ನು ಇಳಿಸಿ ಚಪ್ಪಡಿಯ ಮೇಲೆ ಕೂರಿಸಿದ್ದ. ಮುನಿಲಕ್ಷ್ಮಮ್ಮ ಸೀಗೆಪುಡಿ ಹಾಕಿ ಅದನ್ನು ತಿಕ್ಕಿ ತೊಳೆಯುತ್ತಿದ್ದಳು. ಹನ್ನೆರಡು ವರ್ಷದ ಮಸಿ ಇಳಿದು ಒಳಗಿನ ಹಸಿರು ಬಣ್ಣ ಕಾಣುತ್ತಿತ್ತು.

"ಓನರಮ್ಮಾ, ತಪ್ಪಾಯ್ತು" ಎಂದ.

"ಬರ್ದಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದಳು ಅವಳು, ತಲೆ ಎತ್ತದೆ. "ಪಕ್ಕದ ಮನೇಲೇ ಇದ್ಕೊಂಡು ಒಂದ್ ಮಾತು ಬಾಯಲ್ಲಿ ಹೇಳ್ಲಿಲ್ವಲ್ಲ. ನಾನೇನು ಹುಲಿನಾ? ಅಮ್ಮಾ, ಹೊಗೆ ತಡೆಯೋಕ್ ಆಗ್ತಾ ಇಲ್ಲ ಅಂದಿದ್ರೆ ಆವತ್ತೇ ಆ ಪೈಪನ್ನ ಬೇರೆ ಕಡೆ ತಿರುಗಿಸ್ತಿದ್ದೆ."

"ಯಾವ ಕಡೆ?"

"ನಾಲ್ಕನೇ ಮನೆ ಕಡೆ."

ವೆಂಕಟಾಚಲನಿಗೆ ನಗು ಬಂತು, ತಡೆದುಕೊಂಡ. ಅವಳು ಎಂಜಿನ್ನಿನ ಮೇಲೆ ಕೈಯಿಟ್ಟಳು. "ನಮ್ಮ ಬಾವಿ ನೀರು ಎತ್ತಿದ್ದು ಇದೇ" ಎಂದಳು. "ಬಾವಿ ಮುಚ್ಚಿದ್ರು, ಹೊಲ ಹೋಯ್ತು. ಇದರ ಸದ್ದು ಕೇಳ್ತಾ ಇದ್ರೆ ನಂಗೆ ಬೆಳಿಗ್ಗೆ ಹೊಲಕ್ಕೆ ಹೋದಂಗೇ ಅನ್ನಿಸ್ತಿತ್ತು. ಹೊಗೆ ಯಾರ್ ಮನೆಗ್ ಹೋಯ್ತು ಅಂತ ನಾನು ನೋಡ್ಲೇ ಇಲ್ಲ. ಮುಂದೆ ಕೂತೋರಿಗೆ ಅದು ಹಿಂದಕ್ಕೆ ಹೋಗೋದು ಕಾಣಾಕಿಲ್ಲ, ನೋಡಿ."

ಅವನು ಹತ್ತು ವರ್ಷ ಎರಡೂ ಕಡೆಗೆ ಬರೆದಿದ್ದ, ಈ ಮಾತು ಯಾವ ಕಾಗದದಲ್ಲೂ ಬಂದಿರಲಿಲ್ಲ. ಪಂಚೆ ಮೇಲೆ ಕಟ್ಟಿ, ಒಂದು ಚಿಂದಿ ತೆಗೆದುಕೊಂಡು, ಎಂಜಿನ್ನಿನ ಇನ್ನೊಂದು ಮಗ್ಗುಲು ಒರೆಸತೊಡಗಿದ.

ತೊಳೆದು ಮುಗಿದ ಮೇಲೆ ಅವಳು, "ಒಂದು ಕಾಗದ ಬರೀಬೇಕು" ಎಂದಳು. ವೆಂಕಟಾಚಲ ಓಡಿಹೋಗಿ ಪೆನ್ನು ತಂದ. ಕಾಗದ ವಸಂತಪುರದ ತಮ್ಮ ಬೈರಣ್ಣನಿಗೆ. ಅವನ ಬಾವಿಯ ಎಂಜಿನ್ನು ಕೆಟ್ಟು ಹೊಲ ಒಣಗುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಅವನ ಎರಡು ಎತ್ತು ಕೆಲಸವಿಲ್ಲದೆ ಕೊಬ್ಬಿದ್ದವು.

"ಎಂಜಿನ್ ಕಳಿಸ್ತಾ ಇದೀನಿ, ಬಾವಿಗೆ ಇಟ್ಕೋ. ಎತ್ತು ಎರಡೂ ಇತ್ಲಾಗ್ ಕಳ್ಸು ಅಂತ ಬರೀರಿ. ಸದರಿ ಗಿದರಿ ಬೇಡ, ಅವನಿಗೆ ಅರ್ಥ ಆಗಾಕಿಲ್ಲ."

"ಎತ್ತು ಯಾಕೆ, ಓನರಮ್ಮಾ?"

"ಕಾರಿಗೆ."

ಮಾರಯ್ಯ ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಅಳತೆ ಟೇಪು ತೆಗೆದ.

ಹದಿನೈದು ದಿನದಲ್ಲಿ ಗಾಡಿ ಸಿದ್ಧವಾಯಿತು. ಎಂಜಿನ್ನಿನ ಜಾಗ ಖಾಲಿ, ಅಲ್ಲಿಂದ ಮುಂದಕ್ಕೆ ಒಂದು ಮೂಕಿಮರ, ಅದರ ತುದಿಗೆ ನೊಗ, ನೊಗಕ್ಕೆ ಎರಡು ಬಿಳಿ ಎತ್ತು. ಹಗ್ಗ ಹಿಡಿದು ಹೊಡೆಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಚಿಕ್ಕಬೈರಪ್ಪ ಯಾರೂ ಕರೆಯದೆ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ. ಹನ್ನೆರಡು ವರ್ಷದಲ್ಲಿ ಅವನು ಆ ಕಾರಿನೊಳಗೆ ಕೂತದ್ದು ಅದೇ ಮೊದಲು. ಎತ್ತುಗಳ ಹೆಸರು, ವಯಸ್ಸು, ಗುಣ, ಅವುಗಳ ತಾಯಿಯ ಗುಣ ಎಲ್ಲ ಹೇಳತೊಡಗಿದ. ಇಷ್ಟು ಮಾತು ಇವನೊಳಗೆ ಎಲ್ಲಿತ್ತೆಂದು ಮುನಿಲಕ್ಷ್ಮಮ್ಮ ಬೆರಗಾದಳು. ಅವಳು ಸ್ಟೀರಿಂಗ್ ಹಿಡಿದಳು. ಹಿಂದಿನ ಸೀಟಿಗೆ ವೆಂಕಟಾಚಲ ಮತ್ತು ನಾರಾಯಣಮ್ಮನನ್ನು ಕರೆದಳು. ವೆಂಕಟಾಚಲ ಭಯಪಟ್ಟುಕೊಂಡೇ ಹೊಸ ಬಿಳಿ ಷರ್ಟು ಹಾಕಿಕೊಂಡು ಬಂದ.

ಜಯನಗರದ ನಾಲ್ಕನೇ ಬ್ಲಾಕಿಗೆ ಹೊರಟರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಸೈಕಲ್ಲಿನವರು ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲೇ ಬಂದರು. ನಾಲ್ಕನೇ ಬ್ಲಾಕಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೋಲೀಸಿನವನು ಕೈ ಅಡ್ಡ ಹಿಡಿದ. ಇದು ಕಾರಾದರೆ ಇದಕ್ಕೆ ಬಾಲ ಇರಬಾರದು, ಎತ್ತಿನಗಾಡಿಯಾದರೆ ಹಾರನ್ ಇರಬಾರದು ಎಂದು ಅವನ ಮುಖವೇ ಹೇಳುತ್ತಿತ್ತು.

"ಏನಮ್ಮಾ ಇದು?"

"ಕಾರಪ್ಪ. ಹೊಗೆ ಇಲ್ದಿರೋದು. ಬೇಕಾದ್ರೆ ಮೀಟರ್ ಇಟ್ಟು ನೋಡು."

ಎಲ್ಲಿ ಮೀಟರ್ ಇಡಬೇಕೆಂದು ಅವನು ಎತ್ತುಗಳ ಹಿಂದೆ ಒಂದು ಸುತ್ತು ಬಂದು ನೋಡಿ, ತಟ್ಟನೆ ದೂರ ಸರಿದು, ಹೋಗಿ ಎಂದು ಕೈ ತೋರಿಸಿದ.

ವಾಪಸ್ಸು ಬರುವಾಗ ರಸ್ತೆ ಖಾಲಿಯಿತ್ತು. ಹತ್ತು ವರ್ಷ ಸಂಡಿಗೆಯಿಂದ ಮಸಿ ಆರಿಸಿದ್ದ ನಾರಾಯಣಮ್ಮ ಮುಂದಕ್ಕೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದಳು.

"ಓನರಮ್ಮಾ, ನಾನೊಂದ್ಸಲ ಹಿಡೀಲಾ?"

"ಏ, ನಿನಗೇನೇ ಗೊತ್ತು..." ಎಂದು ವೆಂಕಟಾಚಲ ಶುರು ಮಾಡುವಷ್ಟರಲ್ಲಿ ಮುನಿಲಕ್ಷ್ಮಮ್ಮ ಪಕ್ಕಕ್ಕೆ ಸರಿದು, ಹೆಂಡತಿ ಸೀರೆ ಎತ್ತಿಕಟ್ಟಿ ಮುಂದೆ ಬಂದು ಕೂತಾಗಿತ್ತು. ನಾರಾಯಣಮ್ಮ ಸ್ಟೀರಿಂಗನ್ನು ಎಡಕ್ಕೆ ತಿರುವಿದಳು, ಚಿಕ್ಕಬೈರಪ್ಪ ಮಾತಿನ ಭರದಲ್ಲಿ ಹಗ್ಗವನ್ನು ಬಲಕ್ಕೆ ಎಳೆದ. ಎತ್ತು ಒಂದು ಕಡೆ, ಕಾರು ಒಂದು ಕಡೆ ಹೋಗಿ, ಇಡೀ ವಾಹನ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಹಿಂದೆ ಒಂದು ಬಸ್ಸು, ಎರಡು ಆಟೋ, ಒಂದು ಲಾರಿ ಸಾಲಾಗಿ ನಿಂತು ಹಾರನ್ ಹೊಡೆದವು. ಬಸ್ಸಿನ ಕಂಡಕ್ಟರು ಇಳಿದು ಬಂದು ಎತ್ತಿನ ಮೂಗುದಾರ ಹಿಡಿದು ತಿರುಗಿಸಿಕೊಟ್ಟ. ನಾರಾಯಣಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸ್ಟೀರಿಂಗ್ ಮಾತ್ರ ಬಿಡಲಿಲ್ಲ.

ಮಾರನೇ ವಾರದಿಂದ ಅವಳಿಗೆ ಮುನಿಲಕ್ಷ್ಮಮ್ಮ ಕಾರಿನ ಪಾಠ ಶುರು ಮಾಡಿದಳು, ಮಧ್ಯಾಹ್ನ ಎರಡರಿಂದ ಮೂರು, ಕೆರೆ ಏರಿಯ ಮೇಲೆ.